ಊಹೆ ಬಾರದ ಫೋನು

“ಇದು ನಮ್ಮಣ್ಣ ಬರೆದಿದ್ದಲ್ಲ ಸರ್. ಇನ್ನೆಷ್ಟು ಸಲ ಹೇಳಲಿ?”

ತಂಗಿಯ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು. ಭಾನುವಾರ ಸಂಜೆ ಕಾಣೆಯಾದ ಅಣ್ಣನಿಗಾಗಿ ಅವಳು ಈ ಗುರುವಾರದವರೆಗೂ ಸ್ಟೇಷನ್ನಿನ ಬೆಂಚು ಸವೆಸಿದ್ದಳು. ಅಣ್ಣನ ಸುಳಿವಿಲ್ಲ. ಭಾನುವಾರ ರಾತ್ರಿ ಅವನ ನಂಬರಿನಿಂದ ಅವಳಿಗೊಂದು ಮೆಸೇಜು ಬಂದಿತ್ತು. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಕೆಳಗೆ ಅವನ ಕಪ್ಪು ಫೋನು ಸಿಕ್ಕಿತ್ತು. ಅಷ್ಟೇ.

ಇನ್‌ಸ್ಪೆಕ್ಟರ್ ನಿಧಾನಪ್ಪ ಆ ಮೆಸೇಜನ್ನು ಮತ್ತೊಮ್ಮೆ ಓದಿದ. “ಮಿಣುಕಿ, ನಾನು ದೂರ ಹೋಗುತ್ತಿದ್ದೇನೆ. ಮನಸ್ಸಿಗೆ ನೆಮ್ಮದಿ ಬೇಕಾಗಿದೆ. ನನ್ನನ್ನು ಹುಡುಕಬೇಡ.”

ನಿಧಾನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಇಲಾಖೆಯವರು ಇಟ್ಟದ್ದು. ಬೇರೆಯವರು ಕಳ್ಳನ ಹಿಂದೆ ಓಡುತ್ತಾರೆ, ಇವನು ಕಳ್ಳ ಕೊನೆಗೆ ಎಲ್ಲಿ ಬಂದು ನಿಲ್ಲುತ್ತಾನೋ ಅಲ್ಲಿ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ ಎಂದು ಹೊಗಳುವವರಿದ್ದರು. ಕುರ್ಚಿ ಹಾಕಿಕೊಂಡು ಕೂರುವುದಷ್ಟೇ ನಿಜ ಎನ್ನುವವರೂ ಇದ್ದರು. ದೊಡ್ಡ ಸಾಹೇಬರು ಈ ಎರಡನೆಯ ಗುಂಪಿನವರು.

“ವಯಸ್ಸಿಗೆ ಬಂದ ಗಂಡಸು. ಹೋಗ್ತೀನಿ ಅಂತ ತಾನೇ ಬರೆದು ಹೋಗಿದಾನೆ. ಇದರಲ್ಲಿ ನಮಗೇನ್ರೀ ಕೆಲಸ?” ಎಂದು ಅವರು ಬೆಳಿಗ್ಗೆಯೇ ಕೇಳಿದ್ದರು. “ಸಂಜೆ ಒಳಗೆ ಫೈಲು ಮುಚ್ಚಿ.”

ಫೈಲು ಮುಚ್ಚಿದರೆ ಅಣ್ಣನನ್ನು ಹುಡುಕುವವರು ಯಾರೂ ಉಳಿಯುವುದಿಲ್ಲ. ಅದು ತಂಗಿಗೂ ಗೊತ್ತಿತ್ತು. ಅದಕ್ಕೇ ಕನ್ನಡಕದ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಹೇಳಿದ್ದನ್ನೇ ಹೇಳುತ್ತ ಇಲ್ಲಿ ಕೂತಿದ್ದಳು.

“ಮಿಣುಕಿ, ಒಂದು ಗುಟುಕು ಟೀ ಕುಡಿ ಮೊದಲು,” ಎಂದು ಅವಳ ಗಂಡ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿದ.

ಗಂಡ ಅಚ್ಚುಕೂಟದಲ್ಲಿ ಪುಸ್ತಕ ಕಟ್ಟುವವನು. ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಬೆಳ್ಳಗೆ ಕಾಣುತ್ತಿತ್ತು. ಸ್ಟೇಷನ್ನಿಗೆ ಬರುವವರ ಗಂಡಂದಿರು ಸಾಮಾನ್ಯವಾಗಿ ಹೊರಗೆ ಬೀಡಿ ಸೇದುತ್ತ ನಿಲ್ಲುತ್ತಾರೆ. ಇವನು ಹಾಗಲ್ಲ, ಟೀ ತರುತ್ತಿದ್ದ, ಬಿಸಿಲು ಬಂದರೆ ಕುರ್ಚಿ ಸರಿಸುತ್ತಿದ್ದ. ಸ್ಟೇಷನ್ನಿನ ಹೆಂಗಸರೆಲ್ಲ ಅವನನ್ನು ಮೆಚ್ಚಿಕೊಂಡಿದ್ದರು.

“ಮುಂಚೆ ಗಳಿಗೆಗೊಂದು ಮೆಸೇಜು ಮಾಡ್ತಿದ್ರು ಸರ್, ಊಟ ಆಯ್ತಾ, ಬಸ್ಸು ಸಿಕ್ತಾ ಅಂತ,” ಎಂದು ತಂಗಿ ಮಂಗಳವಾರ ಹೇಳಿದ್ದಳು. “ಅಣ್ಣ ಹೋದ ಮೇಲೆ ಅದನ್ನೂ ಬಿಟ್ಟಿದಾರೆ. ಕಾಲ್ ಮಾಡ್ತಾರೆ, ಇಲ್ಲಾ ಎದ್ದು ಬಂದುಬಿಡ್ತಾರೆ. ಸೋಮವಾರ ಅಣ್ಣನ ಫೋನು ಸಿಕ್ಕಿದ ವಿಷಯಾನೂ ನಾನು ಅಂಗಡೀಲಿದ್ದಾಗ ಇವರೇ ನನ್ನ ಫೋನಿಗೆ ಕಾಲ್ ಮಾಡಿ ಹೇಳಿದ್ದು.”

ನಿಧಾನಪ್ಪನಿಗೂ ಅಂಥ ಗಂಡ ಆಗಬೇಕೆಂಬ ಆಸೆ ಒಂದು ಕಾಲಕ್ಕೆ ಇತ್ತು. ಆಸೆಗೇನು, ಇರುತ್ತದೆ.

“ನಿಮ್ಮಣ್ಣ ಬರೆದಿಲ್ಲ ಅಂತ ಹೇಗೆ ಹೇಳ್ತೀರಮ್ಮ? ಮನೇಲಿ ಕರೆಯೋ ಹೆಸರೇ ಇದೆಯಲ್ಲ ಇದರಲ್ಲಿ.”

“ಸೋಮವಾರ ಅವರ ಆಫೀಸಲ್ಲಿ ಪಂದ್ಯ ಇತ್ತು ಸರ್. ಆರು ತಿಂಗಳಿಂದ ಕಾಯ್ತಿದ್ದ. ಹಿಂದಿನ ದಿನ ನೆಮ್ಮದಿ ಹುಡುಕ್ಕೊಂಡು ಹೋಗೋನಲ್ಲ ಅವನು.”

“ಎಂಥ ಪಂದ್ಯ?”

“ಫೋನಲ್ಲಿ ಬರೆಯೋದು.”

ನಿಧಾನಪ್ಪ ಅವಳನ್ನೇ ನೋಡಿದ. ತಮಾಷೆಯಲ್ಲ.

“ಒಂದೊಂದು ಗುಂಡಿ ಮೇಲೆ ನಾಲ್ಕೈದು ಅಕ್ಷರ ಇರುತ್ತಲ್ಲ ಸರ್. ಮೂರನೇದು ಬೇಕು ಅಂದ್ರೆ ಮೂರು ಸಲ ಬಡೀಬೇಕು. ಅದು ಹಳೇ ದಾರಿ. ಇನ್ನೊಂದರಲ್ಲಿ ಅಕ್ಷರಕ್ಕೆ ಒಂದೇ ಸಲ ಒತ್ತಿದ್ರೆ ಸಾಕು, ಯಾವ ಪದ ಬರೀತಿದೀರಿ ಅಂತ ಫೋನೇ ಊಹೆ ಮಾಡುತ್ತೆ. ಎರಡರಲ್ಲಿ ಯಾವುದು ಮೇಲು ಅಂತ ನೋಡೋದೇ ಅವರ ಆಫೀಸಿನ ಕೆಲಸ. ಅಣ್ಣ ಬಡಿತದೋನು. ನಮ್ಮ ಮನೆ ಮಹಡಿ ಮೇಲೇ ಇರೋದು ಅವನು. ಮೇಲಿಂದ ಟಕ ಟಕ ಸದ್ದು ಬಂತು ಅಂದ್ರೆ ಯಾರಿಗೋ ಮೆಸೇಜು ಬರೀತಿದಾನೆ ಅಂತ ನಮಗೆ ಗೊತ್ತಾಗೋದು.”

“ಮನೇಲೂ ಬಡಿಯೋದೇನಾ?”

“ಅದು ಅವರ ರೂಲು. ಬಡಿತದೋರು ಮನೇಲೂ ಬಡೀಬೇಕು, ಊಹೆಯೋರು ಮನೇಲೂ ಊಹೇಲೇ ಬರೀಬೇಕು. ಬೆರೆಸಿದ್ರೆ ಕೈ ಕೆಡುತ್ತಂತೆ. ಊಹೆ ಅನ್ನೋ ಮಾತು ಎತ್ತಿದ್ರೆ ತಟ್ಟೆ ಬಿಟ್ಟು ಏಳ್ತಿದ್ದ ಅಣ್ಣ.”

ಗಂಡ ಮೆಲ್ಲಗೆ ನಕ್ಕ. “ಭಾವ ಅಂದ್ರೆ ಹಾಗೇ ಸರ್. ಹಟ ಅಂದ್ರೆ ಹಟ. ಪಂದ್ಯದ ಚಿಂತೆ ತಲೆಗೆ ಹತ್ತಿರಬೇಕು. ತಾವಾಗೇ ಬರ್ತಾರೆ ಅಂತ ಇವಳಿಗೂ ಅದನ್ನೇ ಹೇಳ್ತಿದೀನಿ.”

ನಿಧಾನಪ್ಪ ಮೇಜಿನ ಖಾನೆ ಎಳೆದ. ಪ್ಲಾಸ್ಟಿಕ್ ಚೀಲದಿಂದ ಫೋನನ್ನು ತೆಗೆದ. ಸ್ಟೇಷನ್ನಿನಲ್ಲಿ ಎಲ್ಲರೂ ಈ ಫೋನನ್ನು ನೋಡಿದ್ದರು, ಆದರೆ ನೋಡಿದ್ದು ಕಳಿಸಿದ ಮೆಸೇಜನ್ನು ಮಾತ್ರ. ಬೇರೆ ಮೆಸೇಜುಗಳನ್ನೆಲ್ಲ ಅಳಿಸಲಾಗಿತ್ತು. ಇವನು ಹೊಸ ಮೆಸೇಜು ಬರೆಯುವ ಜಾಗವನ್ನು ತೆರೆದ. ಪರದೆ ಖಾಲಿಯಾಗಿತ್ತು. ಮೇಲಿನ ಮೂಲೆಯಲ್ಲಿ ಸಾಸಿವೆಯಷ್ಟು ಚಿಕ್ಕ ಪೆನ್ಸಿಲ್ಲಿನ ಚಿತ್ರ, ಅದರ ಪಕ್ಕದಲ್ಲಿ ಮೂರು ಚುಕ್ಕೆ.

“ಇದೇನಮ್ಮ?”

ತಂಗಿ ಬಾಗಿ ನೋಡಿದಳು. ಅಂಗಡಿಯಲ್ಲಿ ಕನ್ನಡಕದ ಗಾಜಿನ ಗೀರು ಹುಡುಕಿ ಪಳಗಿದ ಕಣ್ಣು ಅವಳದು. ನೋಡಿದವಳು ಹಾಗೇ ನಿಂತಳು.

“ಬರೀ ಪೆನ್ಸಿಲ್ ಇದ್ರೆ ಬಡಿತ. ಚುಕ್ಕೆ ಇದ್ರೆ ಊಹೆ,” ಎಂದಳು. “ಕೊನೇಲಿ ಯಾವ ದಾರೀಲಿ ಬರೆದಿರ್ತೀವೋ ಫೋನು ಅದರಲ್ಲೇ ನಿಂತಿರುತ್ತೆ. ಸರ್, ಇದನ್ನ ಬರೆದಿರೋದು ಊಹೇಲಿ. ನಾನು ಹೇಳಲಿಲ್ವಾ?”

ಅವಳ ಮುಖ ಅರಳಿತು. ಅರಳಿದ್ದು ಒಂದು ಕ್ಷಣ. ಅಣ್ಣ ಬರೆದಿಲ್ಲವೆಂದರೆ ಇನ್ಯಾರೋ ಬರೆದಿದ್ದಾರೆ, ಬರೆಯುವಾಗ ಅಣ್ಣ ಎಲ್ಲಿದ್ದ ಎನ್ನುವ ಯೋಚನೆ ಹಿಂದೆಯೇ ಬಂದಿತ್ತು. ಗೆದ್ದ ಸಂತೋಷವೂ ಹೆದರಿಕೆಯೂ ಒಟ್ಟಿಗೇ ಬಂದು ಅವಳು ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಕೈ ತಪ್ಪಿ ಏನೋ ಒತ್ತಿಹೋಗಿರಬಹುದಲ್ಲ ಸರ್,” ಎಂದ ಗಂಡ. “ಎಷ್ಟು ಜನ ಮುಟ್ಟಿದಾರೋ ಅದನ್ನ.”

“ಇರಬಹುದು,” ಎಂದ ನಿಧಾನಪ್ಪ. ಆ ಮಾತಿನಲ್ಲಿ ನ್ಯಾಯವಿತ್ತು. “ನೀವಿಬ್ಬರೂ ಇಲ್ಲೇ ಇರಿ. ನಾನು ಅವರ ಆಫೀಸಿಗೆ ಹೋಗಿ ಬರ್ತೀನಿ.”

*

ಆಫೀಸು ಒಂದು ಬ್ಯಾಟರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಸಾಲಾಗಿ ಸಣ್ಣ ಮೇಜುಗಳು, ಒಬ್ಬರ ಕೈ ಇನ್ನೊಬ್ಬರಿಗೆ ಕಾಣದ ಹಾಗೆ ನಡುವೆ ರಟ್ಟಿನ ತಡಿಕೆ. ಪ್ರತಿ ಮೇಜಿನ ಮೇಲೂ ಮೊಣಕೈ ಊರಲು ಒಂದು ಪುಟ್ಟ ದಿಂಬು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ “ಕೈ ಕೆಡಬಾರದು” ಎಂದು ಬರೆದಿತ್ತು.

ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದ ಹೆಂಗಸು. ಅವರ ಜತೆ ಇದ್ದವನು ಒಬ್ಬ ಸಣಕಲ. ಕೊರಳಿಗೆ ಸದಾ ಓಟದ ಗಡಿಯಾರ ನೇತುಹಾಕಿಕೊಂಡಿರುತ್ತಿದ್ದುದರಿಂದ ಅವನ ಹೆಸರೇ ಗಡಿಯಾರ ಆಗಿತ್ತು. ಊಹೆಯವರಲ್ಲಿ ಅವನೇ ಎಲ್ಲರಿಗಿಂತ ಚುರುಕು. ಪಂದ್ಯದಲ್ಲಿ ಕಾಣೆಯಾದವನ ಎದುರು ಕೂರಬೇಕಾಗಿದ್ದವನೂ ಅವನೇ.

“ಅವರಿಲ್ಲದೆ ಬಡಿತದ ಕಡೆ ಯಾರನ್ನ ಕೂರಿಸಲಿ?” ಎಂದರು ಮೇಡಂ. “ಪಂದ್ಯ ಮುಂದಕ್ಕೆ ಹಾಕಿದೀವಿ.”

“ಹಾಕದೆ ನಡೆಸಿದ್ರೆ ಊಹೆಯವರು ಗೆಲ್ತಿದ್ರು ಅಲ್ವಾ?” ಎಂದು ನಿಧಾನಪ್ಪ ಗಡಿಯಾರದ ಕಡೆ ತಿರುಗಿದ.

“ಎದುರಾಳಿ ಇಲ್ಲದೆ ಗೆದ್ದು ಏನು ಮಾಡಲಿ ಸರ್?” ಎಂದ ಗಡಿಯಾರ. ಅವನಿಗೆ ಬೇಸರವಾದದ್ದು ಮುಖದಲ್ಲೇ ಕಾಣುತ್ತಿತ್ತು. “ನೀವು ಒಂದು ಸಲ ಕೂತು ನೋಡಿ. ಆಗ ಗೊತ್ತಾಗುತ್ತೆ.”

ಬೇಡವೆನ್ನುವ ಮೊದಲೇ ನಿಧಾನಪ್ಪನ ಮೊಣಕೈ ದಿಂಬಿನ ಮೇಲಿತ್ತು, ಕೈಯಲ್ಲೊಂದು ಕಪ್ಪು ಫೋನಿತ್ತು. ಬರೆಯಬೇಕಾದ ವಾಕ್ಯವನ್ನು ಗಡಿಯಾರ ಹೇಳಿದ: “ನಾಳೆ ಬೆಳಿಗ್ಗೆ ನೀರು ಬರುವುದಿಲ್ಲ.”

ಮೊದಲು ಬಡಿತ. ನಿಧಾನಪ್ಪ ಮೂರು ಸಲ ಬಡಿಯಲು ಹೋಗಿ ನಾಲ್ಕು ಸಲ ಬಡಿದ. ಬೇಕಾದ ಅಕ್ಷರ ದಾಟಿಹೋಯಿತು. ಸುತ್ತು ಹಾಕಿಕೊಂಡು ಮತ್ತೆ ಬಂದು ಹಿಡಿಯಲು ಹೋದಾಗ ಮತ್ತೆ ದಾಟಿಹೋಯಿತು. ಬೆಳಿಗ್ಗೆ ಬರೆಯುವುದರೊಳಗೆ ಸಂಜೆಯಾಗುವ ಲಕ್ಷಣ ಕಂಡಿತು. ಗಡಿಯಾರ ಸಭ್ಯನಾದ್ದರಿಂದ ಗಡಿಯಾರವನ್ನು ನಿಲ್ಲಿಸಿ ಕಿಟಕಿಯ ಹೊರಗೆ ನೋಡಿದ.

ಆಮೇಲೆ ಊಹೆ. ಒಂದೊಂದೇ ಸಲ ಒತ್ತಿದರೆ ಪದಗಳು ತಾವಾಗಿ ಮೂಡುತ್ತಿದ್ದವು. ನಿಧಾನಪ್ಪನಿಗೆ ತನ್ನ ಬಗ್ಗೆಯೇ ಗೌರವ ಬಂದಿತು. ಆ ಉಮೇದಿನಲ್ಲಿ ತನ್ನ ಅಡ್ಡಹೆಸರನ್ನು ಬರೆಯಲು ಹೋದ. ಫೋನು ಕಕ್ಕಾಬಿಕ್ಕಿಯಾಗಿ ಏನೇನೋ ತೋರಿಸಿ, ಕೊನೆಗೆ ತೋರಿಸಲು ಏನೂ ಇಲ್ಲವೆಂದು ಸುಮ್ಮನಾಯಿತು.

“ಹೆಸರು ಬಂದ್ರೆ ಊಹೆಗೆ ಜ್ವರ ಬರುತ್ತೆ ಸರ್,” ಎಂದ ಗಡಿಯಾರ. “ಬಡಿತದೋರು ಏನನ್ನ ಬೇಕಾದ್ರೂ ಬರೀತಾರೆ, ಅದೂ ಕಣ್ಣು ಮುಚ್ಚಿಕೊಂಡು. ನಾವು ಬೇಗ ಬರೀತೀವಿ, ಆದ್ರೆ ಪರದೆಯಿಂದ ಕಣ್ಣು ತೆಗೆಯೋ ಹಾಗಿಲ್ಲ. ಗೊತ್ತಿಲ್ಲದ ಪದವನ್ನ ಒಂದು ಸಲ ಬಡಿದು ಬರೆದು ಕಲಿಸಬೇಕು. ಕಲಿಸಿದ ಮೇಲೆ ಮರೆಯಲ್ಲ. ಎಷ್ಟೆಷ್ಟು ಬಳಸ್ತೀರೋ ಅಷ್ಟಷ್ಟು ಮುಂದಕ್ಕೆ ತಂದು ನಿಲ್ಲಿಸುತ್ತೆ.”

ನಿಧಾನಪ್ಪನ ಕೈ ಫೋನಿನ ಮೇಲೆಯೇ ನಿಂತಿತು.

“ನಿಮ್ಮ ಸ್ವಂತ ಫೋನು ಎಲ್ಲಿದೆ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ಗಡಿಯಾರ ಜೇಬು ಮುಟ್ಟಿಕೊಂಡ. ಆದರೆ ಜೇಬಿನಲ್ಲಿ ಫೋನಿತ್ತು. ಅದೂ ಕಪ್ಪು, ಅದೇ ಆಕಾರ.

“ಅದರಲ್ಲಿ ಮಿಣುಕಿ ಅಂತ ಬರೀರಿ. ಊಹೇಲಿ.”

ಗಡಿಯಾರ ಒತ್ತಿದ. ಫೋನು ತಡಕಾಡಿತು. ಏನೂ ಬರಲಿಲ್ಲ.

ನಿಧಾನಪ್ಪ ಪ್ಲಾಸ್ಟಿಕ್ ಚೀಲದ ಫೋನನ್ನು ಮುಂದಿಟ್ಟ. “ಈಗ ಇದರಲ್ಲಿ.”

ಗಡಿಯಾರ ಅದೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿದ. ಕೊನೆಯ ಗುಂಡಿಯಿಂದ ಬೆರಳು ಎತ್ತುವುದರೊಳಗೆ ಪರದೆಯ ಮೇಲೆ “ಮಿಣುಕಿ” ಎಂದು ಮೂಡಿತ್ತು. ಬೇರೆ ಯಾವ ಪದವೂ ಅದಕ್ಕಿಂತ ಮುಂಚೆ ಬರಲಿಲ್ಲ.

“ಇದು ಚೆನ್ನಾಗಿ ಪಳಗಿದೆ,” ಎಂದ ಗಡಿಯಾರ. “ಇದನ್ನ ದಿನಾ ಬರೆಯೋರ ಫೋನು.”

ನಿಧಾನಪ್ಪನ ಉತ್ಸಾಹ ಸರ್ರನೆ ಇಳಿಯಿತು. ತಂಗಿಗೆ ದಿನಾ ಬರೆಯುವವನು ಅಣ್ಣನೇ ಅಲ್ಲವೇ. ಬಡಿತದವನು ಕದ್ದುಮುಚ್ಚಿ ಊಹೆಯಲ್ಲಿ ಬರೆಯುತ್ತಿದ್ದನೆಂದರೆ ಮೆಸೇಜು ಅವನದೇ. ಅವನು ತಾನಾಗಿಯೇ ಹೋಗಿದ್ದಾನೆ, ದೊಡ್ಡ ಸಾಹೇಬರ ಮಾತೇ ಸರಿ. ಸಂಜೆ ಆ ಹೆಣ್ಣುಮಗಳ ಮುಖ ನೋಡಿ ಇದನ್ನು ಹೇಳಬೇಕಲ್ಲ ಎಂದು ಅವನಿಗೆ ನಿಜಕ್ಕೂ ಕಷ್ಟವಾಯಿತು.

ಮೇಡಂ ತಲೆಯ ಮೇಲಿನ ಕನ್ನಡಕವನ್ನು ಕೊನೆಗೂ ಕಂಡುಹಿಡಿದು ಕಣ್ಣಿಗೆ ಇಳಿಸಿಕೊಂಡಿದ್ದರು. “ಯಾರದು ಈ ಫೋನು?”

“ನಿಮ್ಮ ಬಡಿತದವರದ್ದು.”

“ಅಲ್ಲ.”

“ಅವರ ನಂಬರೇ ಇದೆ ಮೇಡಂ ಇದರಲ್ಲಿ.”

“ನಂಬರು ಸಿಮ್ಮಿನಲ್ಲಿರುತ್ತೆ. ಊಹೆ, ಕಲಿತ ಪದ, ಕಳಿಸಿದ ಮೆಸೇಜು, ಇವೆಲ್ಲ ಫೋನಿನಲ್ಲಿರುತ್ತೆ. ಬಡಿತದೋರ ಫೋನಲ್ಲಿ ಊಹೆ ಅನ್ನೋದೇ ಇಲ್ಲ. ಆಸೆಗೆ ಬಿದ್ದು ಕೈ ಕೆಡಿಸಿಕೊಳ್ತಾರೆ ಅಂತ ನಾನೇ ಕೂತು ಒಂದೊಂದರಿಂದಲೂ ತೆಗೆದುಹಾಕಿದೀನಿ. ಅವರ ಫೋನಿಗೆ ಬೇಕು ಅಂದ್ರೂ ಊಹೆ ಬರಲ್ಲ.”

ನಿಧಾನಪ್ಪ ನಿಧಾನವಾಗಿ ಉಸಿರು ಬಿಟ್ಟ. ಹಾಗಾದರೆ ಸಿಮ್ಮು ಅಣ್ಣನದು, ಫೋನು ಬೇರೆಯವರದು.

“ಎಲ್ಲಾ ಫೋನು ಒಂದೇ ಥರ ಇವೆಯಲ್ಲ. ನಿಮಗೆ ಗುರುತು ಹೇಗೆ?”

“ಬ್ಯಾಟರಿ ಕೆಳಗೆ ಒಂದು ಚೀಟಿ ಅಂಟಿಸಿರ್ತೀವಿ.”

ಬ್ಯಾಟರಿ ತೆಗೆದರು. ಚೀಟಿ ಇರಲಿಲ್ಲ. ಗಡಿಯಾರ ಬೆರಳಿನಿಂದ ಸವರಿ ನೋಡಿ ತಲೆಯಾಡಿಸಿದ. “ವಿಚಿತ್ರ ಸರ್. ನಾವು ಕಿತ್ತರೆ ಅರ್ಧ ಕಾಗದ ಅಲ್ಲೇ ಉಳಿದು ಜಿಗಿಜಿಗಿ ಆಗಿರುತ್ತೆ. ಇದನ್ನ ಯಾರೋ ಕೈಪಳಗಿದೋರು ಬಿಡಿಸಿದಾರೆ. ಅಂಟಿನ ಗುರುತೂ ಇಲ್ಲ.”

“ಊಹೆಯ ಫೋನುಗಳು ಯಾರ ಯಾರ ಹತ್ತಿರ ಇವೆ?”

“ನನ್ನದು ಇಲ್ಲಿದೆ, ಇವನದು ಇವನ ಕೈಯಲ್ಲಿದೆ. ಉಳಿದವು ಬೀರುವಿನಲ್ಲಿವೆ, ಬನ್ನಿ ನೋಡಿ.” ಬೀರು ತೆರೆದ ಮೇಡಂ ಅಲ್ಲೇ ನಿಂತರು. “ಒಂದು ಮಾತ್ರ ಹೊರಗಿದೆ. ಮನೆಮಂದಿ ಹೇಗೆ ಬರೀತಾರೆ ಅಂತ ನೋಡೋದಕ್ಕೆ ಕೆಲವರ ಮನೆಗೂ ಕೊಡ್ತೀವಿ. ಈಗ ಕಾಣೆಯಾಗಿದಾರಲ್ಲ, ಅವರೇ ಒಂದು ತಗೊಂಡು ಹೋಗಿದ್ರು. ‘ನಮ್ಮ ಮನೇಲೂ ಒಬ್ಬರು ಊಹೆಯೋರು ಹುಟ್ಟಿಕೊಂಡಿದಾರೆ’ ಅಂತ ಬೈಕೊಂಡೇ ತಗೊಂಡು ಹೋದ್ರು. ಯಾರು ಅಂತ ನಾನು ಕೇಳಲಿಲ್ಲ.”

ನಿಧಾನಪ್ಪನೂ ಕೇಳಲಿಲ್ಲ. ಬೆಳಿಗ್ಗೆ ತನ್ನ ಕಣ್ಣೆದುರೇ ಒಬ್ಬರು ಮಿಣುಕಿ ಎಂದು ಕರೆದು ಟೀ ಕೊಟ್ಟದ್ದು, ಆ ಕೈಯ ಉಗುರಿನ ಸಂದಿಯಲ್ಲಿ ಬೆಳ್ಳಗಿದ್ದದ್ದು, ಎರಡೂ ಒಟ್ಟಿಗೇ ನೆನಪಾಗಿದ್ದವು.

ದಾರಿಯುದ್ದಕ್ಕೂ ಅವನು ಅದನ್ನೇ ತಿರುವಿ ಹಾಕಿದ. ಅವಸರದಲ್ಲಿದ್ದ ಗಂಡನಿಗೆ ಬಡಿಯುತ್ತ ಕೂರುವ ವ್ಯವಧಾನವಿರಲಿಲ್ಲ. ಭಾವನ ಸಿಮ್ಮನ್ನು ತನ್ನ ಫೋನಿಗೆ ಹಾಕಿ, ಕೈಗೆ ರೂಢಿಯಾದ ದಾರಿಯಲ್ಲಿ ಬರೆದು ಕಳಿಸಿದ. ಕಳಿಸಿದ ಮೆಸೇಜು ಫೋನಿನಲ್ಲೇ ಉಳಿಯುವುದರಿಂದ ಆ ಫೋನನ್ನೇ ಬೆಂಚಿನ ಕೆಳಗೆ ಬಿಡಬೇಕಾಯಿತು. ಚೀಟಿ ಬಿಡಿಸಿದ, ಹಳೆಯ ಮೆಸೇಜುಗಳನ್ನು ಅಳಿಸಿದ. ತಾನು ಪ್ರೀತಿಯಿಂದ ಕಲಿಸಿದ್ದ ಒಂದು ಹೆಸರನ್ನು ಅಳಿಸಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ. ಯಾಕೆ ಮಾಡಿದ ಎನ್ನುವುದು ನಿಧಾನಪ್ಪನಿಗೆ ಇನ್ನೂ ಗೊತ್ತಿರಲಿಲ್ಲ. ಅಣ್ಣ ಏನಾದ ಎನ್ನುವುದು ಅದಕ್ಕಿಂತ ಮುಖ್ಯವಾಗಿತ್ತು.

*

ಸಂಜೆಯ ಬಿಸಿಲು ಸ್ಟೇಷನ್ನಿನ ಮೇಜಿನವರೆಗೂ ಬಂದಿತ್ತು. ಗಂಡ ಹೆಂಡತಿ ಇದ್ದಲ್ಲೇ ಇದ್ದರು. ದೊಡ್ಡ ಸಾಹೇಬರು ಬಾಗಿಲಿಗೆ ಒರಗಿ ನಿಂತಿದ್ದರು.

“ಏನ್ರೀ, ಮುಗೀತಾ?”

“ಒಂದೆರಡು ಮಾತಿದೆ ಸರ್,” ಎಂದ ನಿಧಾನಪ್ಪ. ಚೀಲದ ಫೋನನ್ನು ಮೇಜಿನ ಮೇಲಿಟ್ಟು ತಂಗಿಯ ಎದುರಿನ ಕುರ್ಚಿಯಲ್ಲಿ ಕೂತ. “ನಿಮ್ಮಣ್ಣ ಆಫೀಸಿಂದ ಇನ್ನೊಂದು ಫೋನು ಮನೆಗೆ ತಂದಿದ್ರಂತಲ್ಲಮ್ಮ.”

“ಹೂಂ, ಇವರಿಗೆ ಅಂತ. ಅಣ್ಣನದು, ಇವರದು, ಎರಡೂ ತದ್ರೂಪ. ಒಂದು ಸಲ ಅದಲುಬದಲಾಗಿ ಅಣ್ಣ ರೇಗಾಡಿದ್ದ...”

ಅಷ್ಟು ಹೇಳಿ ಅವಳು ನಿಂತಳು. ತಾನು ಹೇಳಿದ್ದು ಅವಳಿಗೆ ಆಗ ಕೇಳಿಸಿತ್ತು.

ನಿಧಾನಪ್ಪ ಗಂಡನ ಕಡೆ ಕೈ ಚಾಚಿದ. “ನಿಮ್ಮ ಫೋನು ಕೊಡಿ.”

ಗಂಡ ತಡಮಾಡಲಿಲ್ಲ. ಅಂಗಿಯ ಜೇಬಿನಿಂದ ಕಪ್ಪು ಫೋನು ತೆಗೆದು ಕೊಟ್ಟ. ನಿಧಾನಪ್ಪ ಹೊಸ ಮೆಸೇಜಿನ ಜಾಗ ತೆರೆದು ಅದನ್ನು ಅವನಿಗೇ ವಾಪಸು ಕೊಟ್ಟ.

“ನಾಳೆ ಬೆಳಿಗ್ಗೆ ನೀರು ಬರುವುದಿಲ್ಲ ಅಂತ ಬರೀರಿ. ಅವಸರ ಇಲ್ಲ.”

ಹೆಬ್ಬೆರಳು ಗುಂಡಿಗಳ ಮೇಲೆ ಹೊರಟಿತು. ಒಂದು ಗುಂಡಿಗೆ ಒಂದೇ ಸಲ, ಮುಂದಿನ ಗುಂಡಿಗೆ ಒಂದೇ ಸಲ. ಕಲಿತ ಕೈ, ಅದಕ್ಕೆ ಇನ್ನೊಂದು ದಾರಿ ರೂಢಿಯಿರಲಿಲ್ಲ. ಪರದೆಯ ಮೇಲೆ ತಲೆಬುಡವಿಲ್ಲದ ಅಕ್ಷರಗಳು ಸಾಲಾಗಿ ನಿಂತವು. ಹೆಬ್ಬೆರಳು ನಡುವೆಯೇ ನಿಂತಿತು.

“ಈ ಫೋನಿಗೆ ಊಹೆ ಬರಲ್ಲ,” ಎಂದ ನಿಧಾನಪ್ಪ. “ಬಡಿತದೋರ ಫೋನಿದು. ಬ್ಯಾಟರಿ ತೆಗೆದ್ರೆ ನಿಮ್ಮ ಭಾವನ ಚೀಟಿ ಇರುತ್ತೆ. ಅದಕ್ಕೇ ಅಲ್ವಾ ನೀವು ಮೆಸೇಜು ಬಿಟ್ಟು ಕಾಲ್ ಮಾಡೋಕೆ ಶುರುಮಾಡಿದ್ದು?”

ಫ್ಲಾಸ್ಕಿನ ಮುಚ್ಚಳದಲ್ಲಿದ್ದ ಟೀ ಆರಿ ಕೆನೆ ಕಟ್ಟಿತ್ತು.

ಗಂಡ ಫೋನನ್ನು ಮೇಜಿನ ಮೇಲಿಟ್ಟ. ಎರಡು ಕೈಯಿಂದಲೂ ಮುಖ ಒರೆಸಿಕೊಂಡ. ಆಮೇಲೆ ನಿರಾಳನಾದವನ ಹಾಗೆ ಕಂಡ.

“ಇನ್ನು ಮುಚ್ಚಿಡೋದಕ್ಕೆ ಆಗಲ್ಲ ಸರ್. ಭಾವನಿಗೆ ಮಾತು ಕೊಟ್ಟಿದ್ದೆ. ಭಾವ ಚೆನ್ನಾಗೇ ಇದಾರೆ.”

ತಂಗಿ ಎದ್ದು ನಿಂತಳು.

“ಭಾನುವಾರ ನನ್ನ ಫೋನು ಕೇಳಿದ್ರು,” ಎಂದು ಅವನು ಮುಂದುವರಿಸಿದ. “ನನ್ನ ಸಿಮ್ಮು ತೆಗೆದು ನನ್ನ ಕೈಗಿಟ್ಟು ಫೋನು ಮಾತ್ರ ತಗೊಂಡು ಹೋದ್ರು. ಅವರೇ ಬರೆದಿದ್ದು ಆ ಮೆಸೇಜು. ಸೋಲ್ತೀನೋ ಅನ್ನೋ ಭಯಕ್ಕೆ ಊಹೇಲಿ ಕೈ ಪಳಗಿಸ್ತಿದ್ರು, ಯಾರಿಗೂ ಹೇಳಿರಲಿಲ್ಲ. ನಿನ್ನೆ ಮಧ್ಯಾಹ್ನ ಪ್ರೆಸ್ಸಿನ ಹತ್ರ ಬಂದ್ರು. ನಿನ್ನ ಫೋನು ಕಳೆದುಹೋಯ್ತು, ಇದನ್ನ ಇಟ್ಟುಕೋ ಅಂತ ತಮ್ಮದನ್ನ ಕೊಟ್ರು. ಮಿಣುಕಿಗೆ ಹೇಳಬೇಡ, ಸ್ವಲ್ಪ ದಿನ ಬಿಟ್ಟು ನಾನೇ ಬರ್ತೀನಿ ಅಂದ್ರು.”

“ನಿನ್ನೆ ನೋಡಿದ್ರಾ ಅಣ್ಣನ್ನ?” ತಂಗಿಯ ಕಣ್ಣು ತುಂಬಿತ್ತು. “ಊಟ ಮಾಡಿದ್ನಾ? ಸೊರಗಿದಾನಾ?”

“ಚೆನ್ನಾಗಿದಾರೆ ಕಣೇ. ನಿನ್ನನ್ನೇ ಕೇಳ್ತಿದ್ರು.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟು ದಿನ ಅಳದೆ ಇಟ್ಟುಕೊಂಡದ್ದೆಲ್ಲ ಒಮ್ಮೆಗೇ ಬಂತು. ಗಂಡ ಅವಳ ಬೆನ್ನು ಸವರಿದ.

“ನೋಡಿದ್ರೇನ್ರೀ?” ಎಂದರು ದೊಡ್ಡ ಸಾಹೇಬರು. “ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು. ಮುಚ್ಚಿ ಫೈಲು.”

ಕಥೆ ಎಲ್ಲ ಕಡೆಯೂ ಕೂಡಿಕೊಳ್ಳುತ್ತಿತ್ತು. ಅಣ್ಣ ಬದುಕಿದ್ದಾನೆ, ಗಂಡ ಒಳ್ಳೆಯವನು, ಆ ಹೆಣ್ಣುಮಗಳು ಇಬ್ಬರನ್ನೂ ಉಳಿಸಿಕೊಂಡು ಮನೆಗೆ ಹೋಗಬಹುದು. ಇದೇ ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೂ ಅನ್ನಿಸಿತು. ಅವನು ಫೈಲಿನ ದಾರಕ್ಕೆ ಕೈ ಹಾಕಿದ.

ತಂಗಿಯ ಅಳು ನಿಂತಿತ್ತು. ಅವಳು ಮೇಜಿನ ಮೇಲಿದ್ದ ಎರಡು ಕಪ್ಪು ಫೋನುಗಳನ್ನು ನೋಡುತ್ತಿದ್ದಳು, ಗಾಜಿನಲ್ಲಿ ಗೀರು ಹುಡುಕುವಾಗ ನೋಡುವ ಹಾಗೆ. ಬೆನ್ನಿನ ಮೇಲಿದ್ದ ಗಂಡನ ಕೈಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟಳು.

“ರೀ,” ಎಂದಳು. ದನಿ ಏರಲಿಲ್ಲ. “ನಿಮ್ಮ ಫೋನು ಭಾನುವಾರ ಹೋಯ್ತು, ಇದು ನಿನ್ನೆ ಬಂತು. ಸೋಮವಾರ ನಾನು ಅಂಗಡೀಲಿದ್ದಾಗ ನಿಮ್ಮ ನಂಬರಿಂದ ಕಾಲ್ ಬಂತಲ್ಲ. ಅದನ್ನ ಯಾವ ಫೋನಿಂದ ಮಾಡಿದ್ರಿ?”